ಗುಳಿಗೆ ನುಂಗಿ ಒಂದು ತಾಸಿನ ಮೇಲೆ

ಪಾರ್ಕಿನ್ಸನ್ ಕಾಯಿಲೆಯ ಹಿರಿಯರಿರುವ ಮನೆಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ತಪ್ಪಿದೆ. ಮುಂಜಾನೆ ಎಂಟಕ್ಕೆ ಅಜ್ಜನಿಗೆ ಗುಳಿಗೆ ಕೊಡುತ್ತಾರೆ. ಎಂಟೂವರೆ, ಎಂಟೂಮುಕ್ಕಾಲರ ಹೊತ್ತಿಗೆ ಬಿಗಿದಿದ್ದ ಕೈಕಾಲು ಸಡಿಲವಾಗಿ ಅವರು ತಾವೇ ಎದ್ದು ಪಡಸಾಲೆಗೆ ಬರುತ್ತಾರೆ. ಒಂಬತ್ತಕ್ಕೆ ಹೆಗಲು ತೂಗತೊಡಗುತ್ತದೆ, ಕುತ್ತಿಗೆ ಓಲಾಡುತ್ತದೆ, ಕೂತಲ್ಲೇ ಮೈ ಹೊಯ್ದಾಡುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಕಾಯಿಲೆ ಜೋರಾಗಿದೆ, ಗುಳಿಗೆ ಸಾಲುತ್ತಿಲ್ಲ ಎಂದುಕೊಂಡು ಮಧ್ಯಾಹ್ನದ ಪಾಳಿಗೆ ಅರ್ಧ ಗುಳಿಗೆ ಜಾಸ್ತಿ ಕೊಡುತ್ತಾರೆ. ಹೊಯ್ದಾಟ ಇನ್ನೂ ಹೆಚ್ಚುತ್ತದೆ.

ಆ ಹೊಯ್ದಾಟ ಕಾಯಿಲೆಯದ್ದಲ್ಲ, ಔಷಧದ್ದು. ವೈದ್ಯರು ಅದನ್ನು ಡಿಸ್ಕೈನೇಷಿಯಾ ಎನ್ನುತ್ತಾರೆ. ಮನೆಯವರ ಕಾಳಜಿಯಲ್ಲಿ ಕೊರತೆ ಏನೂ ಇಲ್ಲ. ಗುಳಿಗೆ ನುಂಗಿದ ಮೇಲೆ ರಕ್ತದಲ್ಲಿ ಏನಾಗುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೆ. ಹೇಳುವುದಕ್ಕೆ ಹೊತ್ತೂ ಸಿಗುವುದಿಲ್ಲ. ಮಿರಜ ತಾಲೂಕಿನ ಖಂಡೇರಾಜುರಿಯಂಥ ಹಳ್ಳಿಯವರಿಗೂ, ಗಡಿಯ ಈಚೆ ಕಾಗವಾಡ, ಅಥಣಿ, ರಾಯಬಾಗದವರಿಗೂ ದೊಡ್ಡ ದವಾಖಾನೆ ಎಂದರೆ ಮಿರಜ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಒಂದು ಶತಮಾನಕ್ಕೂ ಮೇಲೆ ಕನ್ನಡ ಮಾತಾಡುವ ರೋಗಿಗಳು ಆ ಊರಿಗೆ ಹೋಗಿಬರುತ್ತಿದ್ದಾರೆ. ಆದರೆ ಪಾರ್ಕಿನ್ಸನ್ ಕಾಯಿಲೆಗೆ ದೂರದ ಆಸ್ಪತ್ರೆಯಿಂದ ಒಂದು ವಿಶೇಷ ತೊಡಕಿದೆ. ನಸುಕಿನಲ್ಲಿ ಬಸ್ಸು ಹಿಡಿದು, ಗುಳಿಗೆ ತಪ್ಪಿಸಿಯೋ ತಡವಾಗಿ ನುಂಗಿಯೋ ಬಂದವರನ್ನು ವೈದ್ಯರು ಹನ್ನೊಂದು ಗಂಟೆಗೆ ಐದು ನಿಮಿಷ ನೋಡುತ್ತಾರೆ. ಮನೆಯಲ್ಲಿ ಒಂಬತ್ತಕ್ಕೆ ಹೊಯ್ದಾಡುವ ಮೈ ಅಲ್ಲಿ ಹನ್ನೊಂದಕ್ಕೆ ಮರದಂತೆ ಬಿಗಿದಿರುತ್ತದೆ. ಕಂಡದ್ದಕ್ಕೆ ತಕ್ಕಂತೆ ಚೀಟಿ ಬರೆಯುತ್ತಾರೆ.

ಗುಳಿಗೆಯ ಒಳಗೆ ಏನಿದೆ ಎಂಬಲ್ಲಿಂದ ನೋಡೋಣ. ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವ ಸಿಂಡೋಪಾದಂಥ ಗುಳಿಗೆಯಲ್ಲಿ ಎರಡು ಔಷಧಗಳಿರುತ್ತವೆ: ಲೆವೊಡೋಪಾ ಮತ್ತು ಕಾರ್ಬಿಡೋಪಾ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಬುಡದ ಒಂದು ಕಪ್ಪು ಪಟ್ಟಿಯ ನರಕೋಶಗಳು ಸಾಯುತ್ತವೆ. ಚಲನೆಯನ್ನು ಹದದಲ್ಲಿಡುವ ಡೋಪಮೈನ್ ತಯಾರಿಸುವವು ಅವೇ. ಡೋಪಮೈನನ್ನೇ ಗುಳಿಗೆಯಾಗಿ ಕೊಟ್ಟರೆ ಪ್ರಯೋಜನವಿಲ್ಲ, ರಕ್ತದಿಂದ ಮಿದುಳಿಗೆ ದಾಟುವ ದಾರಿ ಅದಕ್ಕೆ ಮುಚ್ಚಿದೆ. ಲೆವೊಡೋಪಾ ದಾಟುತ್ತದೆ, ದಾಟಿದ ಮೇಲೆ ಡೋಪಮೈನ್ ಆಗುತ್ತದೆ. ಆದರೆ ಕರುಳಿನಲ್ಲಿ, ಯಕೃತ್ತಿನಲ್ಲಿ, ರಕ್ತನಾಳದಲ್ಲಿ ಕೂಡ ಅದನ್ನು ಡೋಪಮೈನ್ ಮಾಡಿಬಿಡುವ ಕಿಣ್ವಗಳಿವೆ. ಬರೀ ಲೆವೊಡೋಪಾ ನುಂಗಿದರೆ ಮಿದುಳಿಗೆ ಮುಟ್ಟುವುದು ನೂರರಲ್ಲಿ ಒಂದು ಪಾಲು ಕೂಡ ಕಷ್ಟ. ಉಳಿದದ್ದು ಹೊರಗೇ ಡೋಪಮೈನ್ ಆಗಿ ಹೊಟ್ಟೆ ತೊಳಸುತ್ತದೆ, ವಾಂತಿ ತರಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಹೊರಗಿನ ಆ ಕಿಣ್ವವನ್ನು ತಡೆಯುವುದೇ ಕಾರ್ಬಿಡೋಪಾದ ಕೆಲಸ. ಅದು ಸೇರಿದ ಮೇಲೆ ಲೆವೊಡೋಪಾದ ಪ್ರಮಾಣವನ್ನು ಕಾಲುಭಾಗಕ್ಕೆ ಇಳಿಸಲು ಸಾಧ್ಯವಾಯಿತು.

ಇಲ್ಲಿ ಒಂದು ಲೆಕ್ಕ ಮನೆಯವರಿಗೆ ತಿಳಿದಿದ್ದರೆ ಒಳ್ಳೆಯದು. ಹೊರಗಿನ ಕಿಣ್ವವನ್ನು ಪೂರ್ತಿ ತಡೆಯಲು ದಿನಕ್ಕೆ 75ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. ಸಿಂಡೋಪಾ 110ರಲ್ಲಿ ಇರುವುದು 100 ಮಿಲಿಗ್ರಾಂ ಲೆವೊಡೋಪಾ, 10 ಮಿಲಿಗ್ರಾಂ ಕಾರ್ಬಿಡೋಪಾ. ದಿನಕ್ಕೆ ಮೂರು ನುಂಗಿದರೆ ಕಾರ್ಬಿಡೋಪಾ 30 ಮಿಲಿಗ್ರಾಂ ಮಾತ್ರ ಆಯಿತು. ಸಿಂಡೋಪಾ ಪ್ಲಸ್ ಎಂಬುದರಲ್ಲಿ ಅದೇ 100ರ ಜೊತೆ 25 ಇದೆ. ಮೊದಲ ವಾರಗಳಲ್ಲಿ ಓಕರಿಕೆ ತಾಳಲಾರದೆ ಗುಳಿಗೆಯನ್ನೇ ಬಿಟ್ಟವರು ನಮ್ಮಲ್ಲಿ ಬಹಳ ಜನ. ಗುಳಿಗೆ ಮೈಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಕಾರ್ಬಿಡೋಪಾ ಸಾಕಾಗುತ್ತಿದೆಯೇ ಎಂದು ವೈದ್ಯರನ್ನು ಕೇಳಬೇಕು.

ಓಕರಿಕೆಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ವಾಂತಿ ಎಂದು ಊರಿನ ಕ್ಲಿನಿಕ್ಕಿಗೆ ಹೋದರೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಡುವುದು ಸಾಮಾನ್ಯ. ತಲೆಸುತ್ತು ಎಂದರೆ ಪ್ರೋಕ್ಲೋರ್‌ಪೆರಜೀನ್, ಸಿನ್ನರಿಜೀನ್, ಫ್ಲುನರಿಜೀನ್ ಬರೆಯುತ್ತಾರೆ. ಇವೆಲ್ಲ ಮಿದುಳಿನಲ್ಲಿ ಡೋಪಮೈನ್ ಕೂರಬೇಕಾದ ಜಾಗವನ್ನೇ ಅಡ್ಡಗಟ್ಟುತ್ತವೆ. ಪಾರ್ಕಿನ್ಸನ್ ಇಲ್ಲದವರಲ್ಲಿ ಕೂಡ ಪಾರ್ಕಿನ್ಸನ್ ಲಕ್ಷಣ ಹುಟ್ಟಿಸಬಲ್ಲವು, ಇರುವವರನ್ನು ಹಾಸಿಗೆಗೆ ಕೆಡವಬಲ್ಲವು. ವಾಂತಿಗೆ ಡೊಂಪೆರಿಡೋನ್ ಇದೆ, ಅದು ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ. ಆದರೆ ಹೃದಯದ ತೊಂದರೆ ಇದ್ದವರಿಗೆ ಅದನ್ನೂ ನೋಡಿಕೊಂಡು ಕೊಡಬೇಕು. "ನಮ್ಮ ಅಪ್ಪಾರಿಗೆ ಪಾರ್ಕಿನ್ಸನ್ ಐತ್ರಿ" ಎಂಬ ಮಾತು ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲೇ ಮನೆಯವರ ಬಾಯಿಂದ ಬರಬೇಕು.

ಇನ್ನು ರಕ್ತದ ಕತೆ. ಲೆವೊಡೋಪಾ ಹೊಟ್ಟೆಯಲ್ಲಿ ಹೀರಲ್ಪಡುವುದಿಲ್ಲ, ಜಠರ ದಾಟಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿದ ಮೇಲೆ ರಕ್ತ ಸೇರುತ್ತದೆ. ಅಲ್ಲಿಂದ ಮಟ್ಟ ಸರ್ರನೆ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಕಾರ್ಬಿಡೋಪಾ ಜೊತೆಗಿದ್ದರೂ ಸುಮಾರು ಒಂದೂವರೆ ತಾಸಿನಲ್ಲಿ ರಕ್ತದಲ್ಲಿದ್ದುದರ ಅರ್ಧ ಖಾಲಿ. ಹಾಗಿದ್ದರೆ ದಿನಕ್ಕೆ ಮೂರೇ ಗುಳಿಗೆಯಲ್ಲಿ ಮೊದಲ ಕೆಲವು ವರ್ಷ ಸುಗಮವಾಗಿ ಹೋಗುವುದು ಹೇಗೆ? ಉಳಿದಿರುವ ನರಕೋಶಗಳು ಬಂದ ಔಷಧವನ್ನು ಡೋಪಮೈನ್ ಮಾಡಿ ಕೂಡಿಟ್ಟುಕೊಂಡು ಹದವಾಗಿ ಬಿಡುತ್ತವೆ. ಮಿರಜದ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ: ತೋಟದಲ್ಲಿ ನೀರಿನ ತೊಟ್ಟಿ ಇದ್ದರೆ ಕರೆಂಟು ಯಾವ ಹೊತ್ತಿಗೆ ಬಂದರೂ ನಡೆಯುತ್ತದೆ, ಹನಿ ನೀರು ಇಡೀ ದಿನ ಹರಿಯುತ್ತದೆ. ತೊಟ್ಟಿ ಒಡೆದ ಮೇಲೆ ಪಂಪು ತಿರುಗಿದಾಗ ಮಡಿ ತುಂಬಿ ಹರಿಯುತ್ತದೆ, ನಿಂತಾಗ ಒಣಗುತ್ತದೆ. ಕಾಯಿಲೆ ಮುಂದುವರಿದು ನರಕೋಶಗಳು ಕಡಿಮೆಯಾದಂತೆ ಕೂಡಿಡುವ ಜಾಗವೇ ಇಲ್ಲವಾಗುತ್ತದೆ. ಆಗ ರಕ್ತದಲ್ಲಿ ಔಷಧ ಏರಿದ ಹಾಗೆ ಮೈ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ದಿನಕ್ಕೆ ಹಲವು ಬಾರಿ, ವರ್ಷಗಟ್ಟಲೆ ಈ ಏರಿಳಿತದ ಪೆಟ್ಟು ತಿಂದ ಡೋಪಮೈನ್ ಗ್ರಾಹಕಗಳು ವಿಪರೀತ ಚುರುಕಾಗುತ್ತವೆ. ಮಟ್ಟ ತುದಿ ಮುಟ್ಟಿದಾಗ ಬೇಡದ ಚಲನೆ ಹುಟ್ಟುವುದು ಹೀಗೆ.

ಲೆವೊಡೋಪಾ ಔಷಧವಾದ ಮೊದಲ ದಿನಗಳಿಂದಲೇ ಇದು ಗೊತ್ತಿತ್ತು. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಮಾರ್ಕಸ್ ಗುಗೆನ್‌ಹೈಮ್ 1913ರಲ್ಲಿ ಒಂದು ಬಗೆಯ ಅವರೆಯಿಂದ ಲೆವೊಡೋಪಾ ಬೇರ್ಪಡಿಸಿ, ಎರಡೂವರೆ ಗ್ರಾಂ ತಾವೇ ನುಂಗಿ ವಾಂತಿ ಮಾಡಿಕೊಂಡಿದ್ದರು. ಅದರ ಉಪಯೋಗ ತಿಳಿಯಲು ಮತ್ತೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ದಾರಿ ತೆರೆದದ್ದು ನಮ್ಮ ನೆಲದ ಸರ್ಪಗಂಧ. ಆ ಬೇರಿನಿಂದ 1952ರಲ್ಲಿ ತೆಗೆದ ರಿಸರ್ಪಿನ್ ಎಂಬ ರಕ್ತದೊತ್ತಡದ ಔಷಧವನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಕೊಟ್ಟಾಗ ಅವು ಮಿಸುಕಾಡದೆ ಕೂತವು. ಡೋಪಾ ಚುಚ್ಚಿದ ಕೂಡಲೇ ಎದ್ದು ಓಡಾಡಿದವು. ಅದು 1957. ಈ ಕೆಲಸಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಬಂತು. ಜನರಿಗೆ ದೊಡ್ಡ ಪ್ರಮಾಣದಲ್ಲಿ ಬಾಯಿಂದ ಕೊಟ್ಟು ಗೆದ್ದವರು ಅಮೆರಿಕದ ಜಾರ್ಜ್ ಕೊಟ್ಜಿಯಾಸ್, 1967ರಲ್ಲಿ. ಆಗ ಅವರು ಬಳಸಿದ್ದು ಎಡ, ಬಲ ಎರಡೂ ರೂಪಗಳು ಬೆರೆತ ಡೋಪಾ. ಕೆಲವರ ರಕ್ತದಲ್ಲಿ ಬಿಳಿಕಣಗಳು ಕುಸಿದವು. ಕೆಲಸಕ್ಕೆ ಬಾರದ ರೂಪವನ್ನು ಬಿಟ್ಟು ಲೆವೊಡೋಪಾ ಒಂದನ್ನೇ ಕೊಡತೊಡಗಿದ್ದು ಆಮೇಲೆ. 1969ರ ಅವರ ವರದಿಯಲ್ಲಿ ರೋಗಿಗಳು ಎದ್ದು ನಡೆದ ಸಂತೋಷದ ಪಕ್ಕದಲ್ಲೇ ಬೇಡದ ಚಲನೆಗಳ ಉಲ್ಲೇಖವೂ ಇದೆ. ಔಷಧವೂ ಹೊಯ್ದಾಟವೂ ಒಟ್ಟಿಗೇ ಬಂದವು.

ನಡುಕ ಬೇರೆ, ಹೊಯ್ದಾಟ ಬೇರೆ. ಮನೆಯವರು ಕಲಿಯಲೇಬೇಕಾದ ವ್ಯತ್ಯಾಸ ಇದು. ಕಾಯಿಲೆಯ ನಡುಕಕ್ಕೆ ಒಂದು ಲಯವಿದೆ. ಸುಮ್ಮನೆ ತೊಡೆಯ ಮೇಲಿಟ್ಟ ಕೈಯಲ್ಲಿ, ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜಿದಂತೆ, ಸೆಕೆಂಡಿಗೆ ನಾಲ್ಕೈದು ಸಲ. ಕೈ ಎತ್ತಿ ಲೋಟ ಹಿಡಿದರೆ ಬಹಳ ಸಲ ತುಸು ತಗ್ಗುತ್ತದೆ. ಹೊಯ್ದಾಟಕ್ಕೆ ಲಯವಿಲ್ಲ. ಅದು ಹಾವು ಹರಿದಂತೆ ಕುತ್ತಿಗೆಯಿಂದ ಹೆಗಲಿಗೆ, ಹೆಗಲಿಂದ ಸೊಂಟಕ್ಕೆ ಹರಿಯುತ್ತದೆ. ಮಾತಾಡುವಾಗ, ನಡೆಯುವಾಗ ಹೆಚ್ಚುತ್ತದೆ. ಇನ್ನೊಂದು ವಿಚಿತ್ರವೆಂದರೆ, ನೋಡುವವರಿಗೆ ಅದು ಭಯಂಕರವಾಗಿ ಕಂಡರೂ ಅನುಭವಿಸುವವರಿಗೆ ಅನೇಕ ಸಲ ಅಷ್ಟು ತ್ರಾಸ ಇರುವುದಿಲ್ಲ. ಕಲ್ಲಿನಂತೆ ಬಿಗಿದು ಕೂರುವುದಕ್ಕಿಂತ ಇದೇ ಲೇಸು ಎನ್ನುವವರು ಬಹಳ. ಹಾಗಾಗಿ ಹೊಯ್ದಾಟ ಕಂಡಕೂಡಲೇ ಗುಳಿಗೆ ಕಿತ್ತುಕೊಳ್ಳುವುದು ಕೂಡ ಸರಿಯಲ್ಲ. ಯಾರ ಮೈಯೋ ಅವರನ್ನು ಕೇಳಬೇಕು.

ಹೊಯ್ದಾಟದಲ್ಲೂ ಒಂದೇ ಬಗೆ ಇಲ್ಲ. ಗುಳಿಗೆ ನುಂಗಿ ಒಂದು ತಾಸಿನ ಆಚೀಚೆ ಬರುವುದು ಔಷಧ ತುದಿಗೇರಿದಾಗಿನದು, ಎಲ್ಲಕ್ಕಿಂತ ಹೆಚ್ಚು ಕಾಣುವುದು ಅದೇ. ಇನ್ನು ಕೆಲವರಿಗೆ ಗುಳಿಗೆ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಬರುತ್ತದೆ, ನಡುವೆ ಚೆನ್ನಾಗಿರುತ್ತಾರೆ. ಅದು ಹೆಚ್ಚಾಗಿ ಕಾಲುಗಳಲ್ಲಿ. ಈ ಬಗೆಯವರಿಗೆ ಔಷಧ ಕಡಿಮೆ ಮಾಡಿದರೆ ತೊಂದರೆ ಜಾಸ್ತಿಯಾಗಬಹುದು. ನಸುಕಿನಲ್ಲಿ ಏಳುವಾಗ ಪಾದ ಒಳಕ್ಕೆ ತಿರುಚಿ, ಬೆರಳು ಮಡಚಿ ನೋವಾಗುವುದಂತೂ ಔಷಧ ಪೂರ್ತಿ ಇಳಿದದ್ದರ ಗುರುತು. ಮೂರಕ್ಕೂ ಮದ್ದು ಬೇರೆಬೇರೆ. ಯಾವುದು ಯಾವುದೆಂದು ಹೇಳಲು ಗಡಿಯಾರ ಬೇಕು. ಒಂದು ಹಾಳೆಯಲ್ಲಿ ಗುಳಿಗೆ ನುಂಗಿದ ಹೊತ್ತು, ಮೈ ಸಡಿಲಾದ ಹೊತ್ತು, ಹೊಯ್ದಾಟ ಬಂದ ಹೊತ್ತು, ಮತ್ತೆ ಬಿಗಿದ ಹೊತ್ತು, ಊಟದ ಹೊತ್ತು ಬರೆದಿಟ್ಟರೆ, ಎರಡು ಮೂರು ದಿನದ ಬರಹ ಸಾಕು, ವೈದ್ಯರ ಕಣ್ಣಿಗೆ ಇಡೀ ಚಿತ್ರ ಬೀಳುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಇದ್ದರೆ ಇನ್ನೂ ಮೇಲು. ಕನ್ನಡದಲ್ಲಿ ಹೇಳಿದ್ದು ಮರಾಠಿ ವೈದ್ಯರಿಗೆ ಮುಟ್ಟಿತೋ ಇಲ್ಲವೋ ಎಂಬ ಆತಂಕ ಆಗ ಉಳಿಯುವುದಿಲ್ಲ.

ಲೆವೊಡೋಪಾ ಶುರುಮಾಡಿ ನಾಲ್ಕರಿಂದ ಆರು ವರ್ಷದಲ್ಲಿ ಸುಮಾರು ನೂರಕ್ಕೆ ನಲವತ್ತು ಜನರಲ್ಲಿ ಹೊಯ್ದಾಟ ಕಾಣಿಸುತ್ತದೆ. ಈ ಮಾತು ಕೇಳಿದವರು ಇನ್ನೊಂದು ತಪ್ಪಿಗೆ ಬೀಳುತ್ತಾರೆ: ಗುಳಿಗೆ ಐದು ವರ್ಷ ಮಾತ್ರ ಕೆಲಸ ಮಾಡುತ್ತದಂತೆ, ಈಗಲೇ ಖರ್ಚು ಮಾಡುವುದು ಬೇಡ, ಮುಂದಕ್ಕೆ ಉಳಿಸೋಣ. ಈ ಭಯ ಎಷ್ಟೋ ಜನರ ಒಳ್ಳೆಯ ವರ್ಷಗಳನ್ನು ನುಂಗಿದೆ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೆ ಉತ್ತರ ಬಂದಿರುವುದು ಆಫ್ರಿಕದ ಘಾನಾದಿಂದ. ಅಲ್ಲಿ ಔಷಧ ಸಿಗದೆ ಜನ ತಡವಾಗಿ ಚಿಕಿತ್ಸೆ ಶುರುಮಾಡುತ್ತಾರೆ. ಅವರನ್ನು ಇಟಲಿಯ ರೋಗಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತಡವಾಗಿ ಶುರುಮಾಡಿದ್ದಕ್ಕೆ ಹೊಯ್ದಾಟ ತಡವಾಗಲಿಲ್ಲ. ಕಾಯಿಲೆ ಎಷ್ಟು ವರ್ಷದ್ದು, ದಿನದ ಪ್ರಮಾಣ ಎಷ್ಟು ಎಂಬ ಎರಡೇ ಲೆಕ್ಕಕ್ಕೆ ಬಂದವು. ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ ಎಂಬುದು ಬರಲಿಲ್ಲ. 2019ರಲ್ಲಿ ನೆದರ್‌ಲೆಂಡ್ಸಿನಲ್ಲಿ 445 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಮೊದಲೇ ಶುರುಮಾಡಿದವರಿಗೂ 40 ವಾರ ಬಿಟ್ಟು ಶುರುಮಾಡಿದವರಿಗೂ 80ನೇ ವಾರದಲ್ಲಿ ಕಾಯಿಲೆಯ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಕಾದಾಗ ಶುರುಮಾಡಬೇಕು, ಬೇಕಾದಷ್ಟೇ ಕೊಡಬೇಕು. ದಿನಕ್ಕೆ 400 ಮಿಲಿಗ್ರಾಂ ದಾಟಿದ ಮೇಲೆ ಹೊಯ್ದಾಟದ ಸಾಧ್ಯತೆ ಹೆಚ್ಚು. ಚಿಕ್ಕ ವಯಸ್ಸಿಗೇ ಕಾಯಿಲೆ ಬಂದವರಿಗೆ, ಹೆಂಗಸರಿಗೆ, ಮೈತೂಕ ಕಡಿಮೆ ಇರುವವರಿಗೆ ಇನ್ನೂ ಹೆಚ್ಚು. ನಲವತ್ತೈದು ಕಿಲೊ ತೂಗುವ ಅಜ್ಜಿಗೂ ಎಪ್ಪತ್ತು ಕಿಲೊದ ಯಜಮಾನರಿಗೂ ಒಂದೇ ಅಳತೆ ನಡೆಯುವುದಿಲ್ಲ.

ಊಟದ ವಿಷಯ. ಲೆವೊಡೋಪಾ ಒಂದು ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ತುಣುಕುಗಳ ಬಳಗದ್ದು. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟುವಾಗ ಊಟದ ಪ್ರೋಟೀನಿನ ಜೊತೆ ಅದೇ ಬಾಗಿಲಲ್ಲಿ ನೂಕಾಟಕ್ಕೆ ನಿಲ್ಲಬೇಕು. ಮೊಸರು, ಜುಣಕ, ಶೇಂಗಾ ಹಿಂಡಿ, ಕಾಳುಪಲ್ಯ, ಮೊಟ್ಟೆ ಹೊಡೆದು ಗುಳಿಗೆ ನುಂಗಿದರೆ ಆ ಪಾಳಿ ಹತ್ತದೆ ಹೋಗಬಹುದು. ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲವೆ ಊಟವಾಗಿ ಒಂದು ತಾಸಿನ ಮೇಲೆ ನುಂಗುವುದು ಒಳ್ಳೆಯದು. ಬರೀ ಹೊಟ್ಟೆಗೆ ಓಕರಿಕೆ ಬಂದರೆ ಒಂದು ಟೋಸ್ಟ್, ಒಂದು ಬಾಳೆಹಣ್ಣು ಸಾಕು, ಹಾಲು ಬೇಡ. ಏರಿಳಿತ ಬಹಳ ಇರುವವರಿಗೆ ಹಗಲು ರೊಟ್ಟಿ, ಅನ್ನ, ತರಕಾರಿ ಕೊಟ್ಟು ಬೇಳೆಕಾಳು, ಮೊಸರನ್ನು ರಾತ್ರಿ ಊಟಕ್ಕೆ ಸರಿಸುವ ಪದ್ಧತಿಯಿದೆ. ಪ್ರೋಟೀನ್ ಬಿಡಿಸಬಾರದು, ಮೊದಲೇ ಸೊರಗುವ ಕಾಯಿಲೆ ಇದು. ಕಬ್ಬಿಣದ ಗುಳಿಗೆ ಲೆವೊಡೋಪಾವನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಎರಡು ತಾಸಾದರೂ ಅಂತರ ಇರಲಿ. ಮಲಬದ್ಧತೆ ಇದ್ದರೂ ಹೊಟ್ಟೆ ನಿಧಾನವಾಗಿ ಗುಳಿಗೆ ಹತ್ತುವುದು ತಡವಾಗುತ್ತದೆ.

ರಕ್ತ ಪರೀಕ್ಷೆ ಮಾಡಿಸೋಣವೇ ಎಂದು ಕೇಳುವವರಿಗೆ: ಪಾರ್ಕಿನ್ಸನ್ ಇದೆ ಎಂದು ತೋರಿಸುವ ರಕ್ತ ಪರೀಕ್ಷೆ ಊರಿನ ಲ್ಯಾಬುಗಳಲ್ಲಿ ಇಲ್ಲ, ಪತ್ತೆ ಹಚ್ಚುವುದು ವೈದ್ಯರ ಕಣ್ಣು ಮತ್ತು ಕೈ. ಲೆವೊಡೋಪಾ ಮಟ್ಟ ಅಳೆಯುವುದೂ ರೂಢಿಯಲ್ಲಿಲ್ಲ. ಆದರೆ ಔಷಧ ರಕ್ತದಲ್ಲಿ ಬಿಟ್ಟುಹೋಗುವ ಇನ್ನೊಂದು ಗುರುತಿದೆ, ನಮ್ಮ ಭಾಗಕ್ಕೆ ಅದು ಮುಖ್ಯ. ಲೆವೊಡೋಪಾದ ಒಂದು ಪಾಲನ್ನು ದೇಹ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತದೆ. ಆ ಕೆಲಸದ ಕೊನೆಗೆ ಹೋಮೊಸಿಸ್ಟೀನ್ ಎಂಬ ವಸ್ತು ಉಳಿಯುತ್ತದೆ. ಅದನ್ನು ಮತ್ತೆ ಒಳ್ಳೆಯ ವಸ್ತುವಾಗಿಸಲು ಬಿ12 ಮತ್ತು ಫೋಲಿಕ್ ಆಮ್ಲ ಬೇಕು. ಬೆಳಗಾವಿ, ಸಾಂಗಲಿ ಕಡೆ ಜೈನರು, ಲಿಂಗಾಯತರು, ಇನ್ನೂ ಅನೇಕರು ಸಸ್ಯಾಹಾರಿಗಳು. ಬಿ12 ಸಿಗುವುದು ಹಾಲು, ಮಾಂಸ, ಮೊಟ್ಟೆಯಿಂದ ಮಾತ್ರ, ವಯಸ್ಸಾದ ಹೊಟ್ಟೆ ಅದನ್ನೂ ಪೂರ್ತಿ ಹೀರುವುದಿಲ್ಲ. ವರ್ಷಗಟ್ಟಲೆ ಹೆಚ್ಚು ಪ್ರಮಾಣದ ಲೆವೊಡೋಪಾ ಒಂದು ಕಡೆ, ಬಿ12 ಕೊರತೆ ಇನ್ನೊಂದು ಕಡೆ. ಎರಡೂ ಕೂಡಿದಾಗ ಪಾದಗಳು ಜೋಮು ಹಿಡಿಯುತ್ತವೆ, ಉರಿಯುತ್ತವೆ, ನೆಲ ತಿಳಿಯದೆ ಕಾಲು ತಡವರಿಸುತ್ತದೆ. ಅದನ್ನೂ ಪಾರ್ಕಿನ್ಸನ್ ಲೆಕ್ಕಕ್ಕೇ ಹಾಕಿ ಗುಳಿಗೆ ಏರಿಸಿದರೆ ಹೋಮೊಸಿಸ್ಟೀನ್ ಮತ್ತಷ್ಟು ಏರುತ್ತದೆ. ಬಿ12 ಪರೀಕ್ಷೆ ದೊಡ್ಡ ಖರ್ಚಿನದಲ್ಲ, ಮದ್ದೂ ಇದೆ. ಲೆವೊಡೋಪಾ ನುಂಗುವ ಸಸ್ಯಾಹಾರಿಗಳಿಗೆಲ್ಲ ಇದನ್ನು ಆಗಾಗ ನೋಡಲೇಬೇಕೆಂಬುದು ನನ್ನ ಅಭಿಪ್ರಾಯ. ಕಾರ್ಬಿಡೋಪಾ ಬಿ6ನ್ನು ಕಟ್ಟಿಹಾಕುವುದರಿಂದ ದೊಡ್ಡ ಪ್ರಮಾಣ ನುಂಗುವವರಲ್ಲಿ ಅದೂ ಕಡಿಮೆಯಾಗುವುದುಂಟು. ಹಾಗೆಂದು ಬಿ6 ಗುಳಿಗೆಯನ್ನು ಅಂಗಡಿಯಿಂದ ತಂದು ಲೆಕ್ಕವಿಲ್ಲದೆ ನುಂಗಬಾರದು, ಅದು ಅತಿಯಾದರೂ ನರ ಕೆಡುತ್ತದೆ.

ಲೆವೊಡೋಪಾದಿಂದ ಮೂತ್ರ, ಬೆವರು, ಜೊಲ್ಲು ಕಪ್ಪಾಗುವುದುಂಟು, ಹೆದರಬೇಕಿಲ್ಲ. ಸಕ್ಕರೆ ಕಾಯಿಲೆಯೂ ಇರುವವರ ಮೂತ್ರವನ್ನು ಪಟ್ಟಿಯಲ್ಲಿ ಅದ್ದಿ ನೋಡಿದಾಗ ಇಲ್ಲದ ಕೀಟೋನ್ ಇದೆ ಎಂದು ತೋರಿಸಬಹುದು. ಲ್ಯಾಬಿನವರಿಗೆ ಗುಳಿಗೆಯ ಹೆಸರು ಹೇಳಬೇಕು.

ನಸುಗುನ್ನಿ ಪುಡಿಯ ಮಾತೂ ಇಲ್ಲೇ. ತಾಗಿದರೆ ಮೈಯೆಲ್ಲ ತುರಿಸುವ ಆ ಕಾಯಿಯ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದರು. ಆಯುರ್ವೇದದ ಕಪಿಕಚ್ಛು ಇದೇ. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ 30 ಗ್ರಾಂ ಪುಡಿ ಸಾಮಾನ್ಯ ಗುಳಿಗೆಗಿಂತ ಬೇಗ ಹತ್ತಿ ಹೆಚ್ಚು ಹೊತ್ತು ನಿಂತಿತು. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಡಬ್ಬಿಯ ಮೇಲೆ ಗಿಡಮೂಲಿಕೆ ಎಂದು ಬರೆದ ಮಾತ್ರಕ್ಕೆ ಅದು ಬೇರೆ ಔಷಧ ಆಗುವುದಿಲ್ಲ. ಗುಳಿಗೆಯ ಜೊತೆ ಪುಡಿಯನ್ನೂ ಕಲಸಿ ಕುಡಿದರೆ ಎರಡು ಕಡೆಯಿಂದ ಒಂದೇ ವಸ್ತು ರಕ್ತಕ್ಕೆ ಸೇರುತ್ತದೆ, ತುದಿ ಇನ್ನೂ ಎತ್ತರ, ಹೊಯ್ದಾಟ ಇನ್ನೂ ಜೋರು. ಕುಡಿಯುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಹೊಯ್ದಾಟ ತಗ್ಗಿಸಲು ದಾರಿಗಳಿವೆ. ಒಮ್ಮೆಗೆ ಕೊಡುವುದನ್ನು ಕಡಿಮೆ ಮಾಡಿ ಪಾಳಿ ಹೆಚ್ಚಿಸುವುದು ಮೊದಲನೆಯದು: ಮೂರು ಸಲ ಒಂದೊಂದು ಬದಲಿಗೆ ಐದಾರು ಸಲ ಅರ್ಧರ್ಧ. ಎರಡನೆಯದು ಅಮಾಂಟಡೀನ್. ಫ್ಲೂ ಜ್ವರಕ್ಕೆಂದು ಇದನ್ನು ನುಂಗಿದ ಒಬ್ಬ ಮಹಿಳೆ ತನ್ನ ಪಾರ್ಕಿನ್ಸನ್ ಸುಧಾರಿಸಿದ್ದನ್ನು ಗಮನಿಸಿ ಬಾಸ್ಟನ್ನಿನ ವೈದ್ಯರಿಗೆ ಹೇಳಿದ್ದರಿಂದ, 1969ರಲ್ಲಿ ಅದು ಪಾರ್ಕಿನ್ಸನ್ ಔಷಧವಾಯಿತು. ಹೊಯ್ದಾಟಕ್ಕೆ ಕೆಲಸ ಮಾಡುವ ಗುಳಿಗೆ ಇದು. ಹೊರಹೋಗುವುದು ಮೂತ್ರಪಿಂಡದ ಮೂಲಕ, ಆದ್ದರಿಂದ ಕ್ರಿಯಾಟಿನಿನ್ ನೋಡದೆ ಕೊಟ್ಟರೆ ವಯಸ್ಸಾದವರು ಇಲ್ಲದ್ದನ್ನು ಕಾಣತೊಡಗುತ್ತಾರೆ, ಗೊಂದಲಗೊಳ್ಳುತ್ತಾರೆ. ಕಾಲಿನ ಚರ್ಮದ ಮೇಲೆ ನೇರಳೆ ಬಲೆಯಂತೆ ಗೆರೆ ಮೂಡಬಹುದು. ಇವು ಸಾಲದಾದಾಗ ಮಿದುಳಿನಲ್ಲಿ ತಂತಿ ಇಟ್ಟು ಪ್ರಚೋದಿಸುವ ಶಸ್ತ್ರಕ್ರಿಯೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಂಥಲ್ಲಿ ಮಾಡುತ್ತಾರೆ. ಎಲ್ಲರಿಗೂ ಅಲ್ಲ, ಆರಿಸಿದವರಿಗೆ.

ಹೊಯ್ದಾಟಕ್ಕೆ ಬೇಸತ್ತು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವುದು ಇವೆಲ್ಲಕ್ಕಿಂತ ಅಪಾಯ. ಒಂದೆರಡು ದಿನದಲ್ಲಿ ಮೈ ಹಲಗೆಯಂತೆ ಬಿಗಿದು, ಸುಡುವ ಜ್ವರ ಏರಿ, ಪ್ರಜ್ಞೆ ಮಸುಕಾಗಬಹುದು. ಸ್ನಾಯುಗಳು ಕರಗಿ ರಕ್ತದಲ್ಲಿ ಸಿಪಿಕೆ ಎಂಬ ಕಿಣ್ವ ಹಲವು ಪಟ್ಟು ಏರುತ್ತದೆ, ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ, ಜೀವಕ್ಕೇ ಬರುತ್ತದೆ. ಮನೆಯವರು ನಿಲ್ಲಿಸದಿದ್ದರೂ ಆಸ್ಪತ್ರೆಯಲ್ಲಿ ಇದು ಆಗಬಹುದು. ಸೊಂಟದ ಮೂಳೆ ಮುರಿದು ಶಸ್ತ್ರಕ್ರಿಯೆಗೆ ಸೇರಿದಾಗ, ಬಾಯಿಗೆ ಏನೂ ಕೊಡಬೇಡಿ ಎಂಬ ಸೂಚನೆಯಲ್ಲಿ ಪಾರ್ಕಿನ್ಸನ್ ಗುಳಿಗೆಯೂ ನಿಂತುಹೋಗುತ್ತದೆ. ವಾರ್ಡಿನ ಸಿಸ್ಟರ್ ಕೈಗೆ, ಅರಿವಳಿಕೆ ವೈದ್ಯರ ಕೈಗೆ ಗುಳಿಗೆಯ ಹೆಸರು, ಪ್ರಮಾಣ, ಗಂಟೆ ಬರೆದ ಚೀಟಿ ಕೊಡಿ. ನುಂಗಲು ಆಗದಿದ್ದರೆ ಮೂಗಿನ ನಳಿಕೆಯಿಂದ ಕೊಡಲು ಬರುತ್ತದೆಯೇ ಎಂದು ಶಸ್ತ್ರಕ್ರಿಯೆಯ ಹಿಂದಿನ ದಿನವೇ ಕೇಳಿ. ದೀರ್ಘಕಾಲ ಬಿಡುವ ಸಿಆರ್ ಗುಳಿಗೆಯನ್ನು ಪುಡಿ ಮಾಡಿ ನಳಿಕೆಗೆ ಹಾಕುವಂತಿಲ್ಲ, ಅದನ್ನು ಮೊದಲೇ ಸಾದಾ ಗುಳಿಗೆಗೆ ಬದಲಿಸಿ ಲೆಕ್ಕ ಹಾಕಿಸಿಕೊಳ್ಳಬೇಕಾಗುತ್ತದೆ.